ಕಡಲೆಯ ಹುಳಿ, ಚಿಮಣಿ ಎಣ್ಣೆಯ ವಾಸನೆ

ಹಡಗಿನ ಕಾಕಾ ಗ್ಲಾಸಿನೊಳಗೆ ಮೂಗು ಇಳಿಸಿದರೆ ಕನ್ನಡಕದ ಅಂಚು ಗಾಜಿಗೆ ತಾಗಿ ಟಿಣ್ ಎನ್ನುತ್ತಿತ್ತು. ಉದ್ದ ಮೂಗು, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು. ಕಣ್ಣು ಮುಚ್ಚಿ, ಹುಬ್ಬು ಏರಿಸಿ, ಪ್ರಾಣಾಯಾಮಕ್ಕೆ ಕುಳಿತವರಂತೆ ಉಸಿರು ಎಳೆದು ಹಿಡಿಯುತ್ತಿದ್ದರು. ಆ ಮೂಗನ್ನು ನಾನು ನನ್ನ ಮೂಗಿಗಿಂತ ಹೆಚ್ಚು ನಂಬಿದ್ದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರಾಮದುರ್ಗದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರದು ಪೂಜೆ ಪುನಸ್ಕಾರದ ಮನೆತನ. ಅಪ್ಪ ಗುಡಿಯಲ್ಲಿ ತೀರ್ಥ ಕೊಟ್ಟರೆ ಮಗ ಯುರೋಪಿನ ಪ್ರವಾಸಿ ಹಡಗುಗಳಲ್ಲಿ ವೈನು ಬಡಿಸಿ, ತಲೆ ಬೆಳ್ಳಗಾದ ಮೇಲೆ ಊರಿಗೆ ಬಂದವರು. ಎದುರಿಗೆ ಓಣಿಯವರೆಲ್ಲ ‘ಹಡಗಿನ ಕಾಕಾ’ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅದನ್ನು ಬರೆಯುವುದು ಬೇಡ.

ನಾನಾಗ ಬೆಳಗಾವಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕಿತ್ತೂರಿನ ಹೈವೇ ಹೋಟೆಲೊಂದರಲ್ಲಿ ಕೌಂಟರಿಗೆ ಕೂರುತ್ತಿದ್ದೆ. ಗೋವಾದ ದೊಡ್ಡ ಹೋಟೆಲಿನಲ್ಲಿ ವೈನು ಆರಿಸಿ ಬಡಿಸುವ ಕೆಲಸ ಹಿಡಿಯಬೇಕೆಂಬುದು ನನ್ನ ಹಟ. ಲಿಂಗ ಕಟ್ಟಿಕೊಂಡ ಮನೆಯ ಹುಡುಗಿ ಹೆಂಡ ಮೂಸುವುದೇ ಎಂದು ಅವ್ವ ಮಾತು ಬಿಟ್ಟಳು. ಅಪ್ಪ ರಾಜಿಯ ಮನುಷ್ಯ. ಒಮ್ಮೆ ಗೋವಾಕ್ಕೆ ಹೋಗಿ ಆ ಹೋಟೆಲಿನ ಪರೀಕ್ಷೆ ಕೊಟ್ಟು ಬಾ, ಆಗಲಿಲ್ಲವೆಂದರೆ ಬೈಲಹೊಂಗಲದ ವರನಿಗೆ ಹೂಂ ಅನ್ನಬೇಕು ಎಂದರು. ಇದ್ದದ್ದು ಅದೊಂದೇ ಅವಕಾಶ.

ಹಾಗಾಗಿ ಆ ವರ್ಷ ದಸರೆಯಿಂದ ಚಳಿಗಾಲ ಮುಗಿಯುವವರೆಗೆ, ರಜೆಗೆ ಊರಿಗೆ ಬಂದ ಭಾನುವಾರ ಬೆಳಿಗ್ಗೆ ಕಾಕಾರ ಅಟ್ಟದ ಮೇಲೆ ನನ್ನ ಪಾಠ. ಹಡಗಿನ ಹಳೆಯ ಗೆಳೆಯರೊಬ್ಬರು ಎರಡು ಬಗೆಯ ಬಿಳಿ ವೈನು ಕಳಿಸಿದ್ದರು. ಒಂದು ಫ್ರಾನ್ಸಿನ ಶಾಬ್ಲಿ, ಇನ್ನೊಂದು ಜರ್ಮನಿಯ ರೀಸ್ಲಿಂಗ್. ದೇವರ ಕೋಣೆಯ ತಲೆಯ ಮೇಲೆ ಹೆಂಡದ ಬಾಟಲಿ ಇಡಕೂಡದು ಎಂದು ಅವರ ಹೆಂಡತಿ ಕಾಕು ಹಟ ಹಿಡಿದಿದ್ದರಿಂದ ಕಾಕಾ ಅವನ್ನು ಔಷಧಿ ಅಂಗಡಿಯ ಸಣ್ಣ ಕಂದು ಬಾಟಲಿಗಳಿಗೆ ಕಂಠಮಟ್ಟ ತುಂಬಿ ಬಿಗಿ ಮುಚ್ಚಳ ಹಾಕಿದ್ದರು. ಗುರುತಿಗೆ ಜರ್ಮನಿಯದರ ಕೊರಳಿಗೆ ಅರಿಷಿಣದ ದಾರ, ಫ್ರಾನ್ಸಿನದಕ್ಕೆ ಬಿಳಿ ದಾರ.

ಅವರು ಕಲಿಸುವ ರೀತಿಗೆ ನಾನು ಮರುಳಾಗಿದ್ದೆ. ಹಿಂಗಾರಿಯಲ್ಲಿ ನಮ್ಮ ಕಡೆ ನಸುಕಿಗೆ ಕಡಲೆ ಹೊಲದ ಮೇಲೆ ಬಟ್ಟೆ ಹಾಸಿ, ಗಿಡದ ಹುಳಿ ಇಬ್ಬನಿಯನ್ನು ಹಿಂಡಿಕೊಳ್ಳುತ್ತಾರಲ್ಲ, ಶಾಬ್ಲಿಯ ರುಚಿ ಅದೇ ಎನ್ನುತ್ತಿದ್ದರು. “ಹಡಗಿನ್ಯಾಗ ಹಸರ ಸೇಬಿನ ಹಂಗ ಅಂತ ಹೇಳ್ತಿದ್ದೆ. ಆ ಮಂದಿಗೆ ಕಡ್ಲಿ ಹುಳಿ ಎಲ್ಲಿ ಗೊತ್ತು?” ರೀಸ್ಲಿಂಗಿಗೆ ನಿಂಬೆಸಿಪ್ಪೆ, ಜೇನು, ಹಿಂದಿನಿಂದ ತೆಳ್ಳಗೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ ವಾಸನೆ. ಶಾಬ್ಲಿಯದು ಹೊಸ ಬೀಗರ ಬಿಗುಮಾನ, ತಾನಾಗಿ ಮಾತಾಡುವುದಿಲ್ಲ. ರೀಸ್ಲಿಂಗ್ ಬಾಗಿಲಲ್ಲೇ ನಿಂತು ಕೂಗಿ ಕರೆಯುತ್ತದೆ. ಎಣ್ಣೆಗಾಯಿಯ ಖಾರಕ್ಕೆ ರೀಸ್ಲಿಂಗೇ ಸೈ, ಶಾಬ್ಲಿ ಮುಖ ಸಿಂಡರಿಸುತ್ತದೆ. ಇಷ್ಟು ಚೆಂದ ಯಾವ ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ.

ದೀಪಾವಳಿಯ ಸ್ವಚ್ಛತೆ ಕಳೆದ ಮೇಲಿನ ಮೊದಲ ಪಾಠದಲ್ಲೇ ನನಗೆ ಗೊಂದಲವಾಯಿತು. ಈಗ ಬಾಟಲಿಗಳಿಗೆ ಕರಿ ದಾರ, ಬಿಳಿ ದಾರ. ಕರಿದು ಜರ್ಮನಿ ಎಂದರು ಕಾಕಾ. ಮೂಸಿದೆ. ಕಡಲೆ ಗಿಡ ನೆಕ್ಕಿದ ಹುಳಿ. ಬಿಳಿ ದಾರದ್ದರಲ್ಲಿ ಚಿಮಣಿ ಎಣ್ಣೆ.

“ಕಾಕಾ, ಎಣ್ಣಿ ವಾಸನಿ ಈ ಗ್ಲಾಸಿನ್ಯಾಗ ಐತಿ ಅನಸ್ತೈತ್ರಿ.”

ಅವರು ಎರಡೂ ಗ್ಲಾಸಿಗೆ ಮೂಗಿಟ್ಟು, ಟಿಣ್ ಎನ್ನಿಸಿ, ತಲೆ ಅಲ್ಲಾಡಿಸಿದರು. “ನಿನ್ನ ಮೂಗ ಇನ್ನೂ ಹಸಿ ಅದ. ಮತ್ತ ನೋಡು.”

ಮತ್ತೆ ನೋಡಿದೆ. ಮುಂದಿನ ವಾರವೂ ನೋಡಿದೆ. ಪ್ರತಿ ಸಲ ಅದೇ ಮಾತು. ಮನೆಗೆ ಬಂದು ಪುಸ್ತಕ ತೆರೆದರೆ ನನ್ನ ಮೂಗು ಹೇಳಿದ್ದೇ ಸರಿ ಎಂದಿತ್ತು. ಅದನ್ನು ಹೇಳಿದರೆ, ಪುಸ್ತಕ ಬರೆದವರು ನಮ್ಮ ನಾಲಗೆಯಿಂದ ಕುಡಿದಿಲ್ಲ ಎಂದು ಕಾಕಾ ನಕ್ಕರು. ನಾನೂ ನಕ್ಕೆ. ಆಮೇಲಾಮೇಲೆ ನನ್ನ ಮೂಗು ಒಂದು ಹೇಳಿದರೆ ಅದರ ಉಲ್ಟಾ ಉತ್ತರ ಕೊಡುವುದನ್ನು ಕಲಿತೆ. ಆಗ ಅವರು “ಬರೋಬ್ಬರಿ” ಎಂದು ಬೆನ್ನು ತಟ್ಟುತ್ತಿದ್ದರು.

ಗೋವಾದ ಪರೀಕ್ಷೆಯಲ್ಲಿ ಎರಡು ಗ್ಲಾಸು ಇಟ್ಟರು. ಅವೇ ಎರಡು ವೈನು. ನನ್ನ ಅದೃಷ್ಟಕ್ಕೆ ಹಿಗ್ಗಿಹೋದೆ. ಮೊದಲನೆಯದರಲ್ಲಿ ಚಿಮಣಿ ಎಣ್ಣೆ ಸ್ಪಷ್ಟವಾಗಿ ಬಂತು. ಕಾಕಾ ಕಲಿಸಿದಂತೆ ಇದು ಶಾಬ್ಲಿ ಎಂದೆ. ಪರೀಕ್ಷೆ ಮಾಡುತ್ತಿದ್ದ ಹೆಂಗಸು ಒಳ್ಳೆಯವಳು. ಮೂಗಿಗೆ ಬಂದದ್ದನ್ನು ಹೇಳಿದೆಯೋ, ಯಾರೋ ಹೇಳಿಕೊಟ್ಟದ್ದನ್ನೋ ಎಂದು ಮೆಲ್ಲಗೆ ಕೇಳಿದಳು. ಆ ಕೆಲಸ ನನಗೆ ಸಿಗಲಿಲ್ಲ.

ಬಸ್ಸಿಳಿದವಳೇ ಕಾಕಾರ ಮನೆಗೆ ಹೋದೆ. ಅವರು ಗುಡಿಗೆ ಹೋಗಿದ್ದರು. ಕಾಕು ಅಕ್ಕಿ ಆರಿಸುತ್ತಿದ್ದರು. ಆದದ್ದೆಲ್ಲ ಹೇಳಿದೆ. ಅವರ ಕೈ ಮೊರದಲ್ಲೇ ನಿಂತಿತು.

“ದಾರ ಬಿಚ್ಚಿದಾಕಿ ನಾನ. ಅರಿಷಿಣದ ದಾರ ಹೆಂಡಕ್ಕ ಕಟ್ಟೂದಂದ್ರೇನು, ಮುತ್ತೈದಿ ಇದ್ದ ಮನ್ಯಾಗ? ಎಲ್ಲಾ ಬಿಚ್ಚಿ, ಒರಸಿ, ಅರಿಷಿಣದ್ದರ ಬದಲಿ ಕರಿದು ಕಟ್ಟಿ ಅವರಿಗೂ ಹೇಳಿದೆ. ಒರಸೂವಾಗ ಅದಲಿಬದಲಿ ಆಗಿರಬೇಕು.”

“ಕಾಕಾಗ ಗೊತ್ತಾಗಬೇಕಿತ್ತಲ್ಲರಿ? ಮೂಸಿ ನೋಡ್ತಿದ್ರು.”

“ಅವರಿಗೆ ಹ್ಯಾಂಗ ಗೊತ್ತಾಗಬೇಕು? ಕೊರೊನಾ ಬಂದು ಹೋದಾಗಿಂದ ಮೂಗ ಸತ್ತದ. ಅನ್ನ ಹಳಸಿದ್ದೂ ನಾನ ಹೇಳಬೇಕು. ನಿನಗ ಹೇಳಿಲ್ಲೇನು?”

ಹೇಳಿರಲಿಲ್ಲ. ಆ ಏರಿದ ಹುಬ್ಬು, ಹಿಡಿದ ಉಸಿರು, ತಲೆ ಅಲ್ಲಾಡಿಸಿದ್ದು ಎಲ್ಲ ಬರೀ ಸೋಗು.

ಕಾಕಾ ಬಂದರು. ನನ್ನ ಮುಖ ನೋಡಿದೊಡನೆ ಅವರಿಗೆ ತಿಳಿಯಿತು. ಅಂಗಿ ಗೂಟಕ್ಕೆ ಹಾಕಿ, ನೀರು ಕುಡಿದು, ಕಂಬಕ್ಕೊರಗಿ ಕುಳಿತರು. ನೀ ಒಂದೊಂದು ವಾಸನೆ ಹೆಸರಿಸಿದಾಗ ನನಗೂ ಬಂದಂತೆ ಆಗುತ್ತಿತ್ತು, ನಿನ್ನ ಮೂಗಿನಿಂದ ಕುಡಿಯುತ್ತಿದ್ದೆ ಎಂದರು. ಹಾಗಿದ್ದರೆ ನಾನು ಹೇಳಿದ್ದನ್ನೇಕೆ ತಪ್ಪೆಂದಿರಿ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸತೊಡಗಿದರು.

“ನೀ ಮತ್ತ ಮತ್ತ ಅಂದಾಗ ಸಂಶೇ ಬಂದಿತ್ತು. ಹೌದಂದ್ರ ನನ್ನ ಮೂಗಿನ ಮಾತು ಹೊರಗ ಬೀಳತಿತ್ತು. ಅಷ್ಟ ವರ್ಷ ಅದರ ಮ್ಯಾಲ ಬದುಕಿದಾಂವ.”

ಬಾಟಲಿ ಅದಲುಬದಲಾದದ್ದನ್ನು ನಾನು ಅವತ್ತೇ ಮರೆತೆ. ಕಾಕುದೇನು ತಪ್ಪು? ಮರೆಯಲಾಗದ್ದು ಆ ಸಂಶಯ. ನಾನು ಸರಿಯಿರಬಹುದೆಂದು ಗೊತ್ತಿದ್ದೂ ತಮ್ಮ ಮಾನ ಉಳಿಸಿಕೊಳ್ಳಲು ನನ್ನ ಮೂಗನ್ನು ಸುಳ್ಳು ಮಾಡಿದರು. ಹೊಸಿಲು ದಾಟಿ ಬಂದವಳು ವರ್ಷದವರೆಗೆ ಆ ಕಡೆ ತಲೆ ಹಾಕಲಿಲ್ಲ.

ಅಪ್ಪನನ್ನು ಕಾಡಿ ಬೇಡಿ ಮತ್ತೊಂದು ಪರೀಕ್ಷೆ ಕೊಟ್ಟೆ, ಬೇರೆ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಅತಿಥಿಗಳಿಗೆ ಶಾಬ್ಲಿ ಬಡಿಸುವಾಗ ನನ್ನ ಬಾಯಿಗೆ ಬರುವುದು ಕಾಕಾರ ಮಾತೇ. ಆ ಋಣ ಸುಳ್ಳಲ್ಲ. ಆದರೆ ಯಾವ ಗ್ಲಾಸು ಮೂಸಿದರೂ ಮೊದಲ ಕ್ಷಣ, ಇದು ನಿಜವೇ, ನನ್ನ ಮೂಗು ಹಸಿಯೇ ಎಂಬ ಅನುಮಾನ ಹೆಡೆ ಎತ್ತುತ್ತದೆ. ಅದೂ ಅವರೇ ಕೊಟ್ಟದ್ದು.

ಅವರು ತೀರಿಕೊಳ್ಳುವ ಹಿಂದಿನ ವಾರ ಕಾಕು ಹೇಳಿಕಳಿಸಿದರು. ಹೋದೆ. ಹಾಸಿಗೆಯಲ್ಲಿ ಸಣ್ಣಗಾಗಿದ್ದರು. ಕ್ಷಮಿಸು ಎನ್ನಬಹುದೆಂದು ಕಾದೆ. ಅನ್ನಲಿಲ್ಲ.

“ಖರೇ ಹೇಳು. ಈ ಖೋಲ್ಯಾಗ ಎಂಥಾ ವಾಸನಿ ಅದ?”

ಊದಿನಕಡ್ಡಿ ಎಂದುಬಿಡಬಹುದಿತ್ತು. “ಫಿನಾಯಿಲ್ ಐತ್ರಿ. ಉಚ್ಚಿ ವಾಸನಿ ಐತ್ರಿ. ಹೊರಗ ಯಾರೋ ಶೇಂಗಾ ಹುರ್ಯಾಕ ಹತ್ಯಾರ.”

“ಎಷ್ಟ ಹುರದಾರ?”

“ಒಂದೀಟ ಹೊತ್ಯಾವ್ರಿ.”

ಕಾಕಾ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. “ಹೌದು, ಹೊತ್ಯಾವ” ಎಂದರು. ಅವರಿಗೆ ಏನೂ ಬಂದಿರಲಿಲ್ಲ. ಶೇಂಗಾ ಹುರಿಯುತ್ತಿದ್ದರೋ ಇಲ್ಲವೋ ಎದ್ದು ನೋಡುವ ತ್ರಾಣವೂ ಇರಲಿಲ್ಲ. ನಾನು ಹೇಳಿದೆನೆಂದು ನಂಬಿದರು, ಅಷ್ಟೇ. ನಾನೂ ನಿಮ್ಮನ್ನು ಹೀಗೇ ನಂಬಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡು ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ.