ದೈಜೋಬು ಅನ್ನುವ ಉತ್ತರ

ಜಪಾನಿನ ಅಕಿತಾ ಕರಾವಳಿಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಹಂಜಾವಾ ತೊಮಿಯೆಗೆ ಇದ್ದದ್ದು ಒಂದೇ ಕೆಲಸ: ಒಂಟಿಯಾಗಿರುವ ಮುದುಕರಿಗೆ ಮಂಗಳವಾರ ಮಂಗಳವಾರ ಫೋನು ಮಾಡುವುದು. ಕೊಟ್ಟ ಚೀಟಿಯಲ್ಲಿದ್ದಂತೆ "ದೈಜೋಬು?" ಎನ್ನುವಳು. ತೊಂದರೆಯೇನೂ ಇಲ್ಲ ತಾನೆ, ಎಂದು. ಅತ್ತಲಿಂದಲೂ "ದೈಜೋಬು" ಎಂದೇ ಬರುತ್ತಿತ್ತು, ಏನೂ ಇಲ್ಲ. ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ನಂಬರು ಒತ್ತುವಳು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ವಾರದ ಉಳಿದ ದಿನ ಅವಳಿಗೆ ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸಾಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದು ಕಿವಿ ಮಂದವಾಗಿದ್ದ ನಾರುಮಿ ಸೇಕಿಚಿ ಮಾತ್ರ "ಏನ್ ಫೋನಮ್ಮ, ನಾನಿನ್ನೂ ಸತ್ತಿಲ್ಲ!" ಎಂದು ಕಿರುಚುತ್ತಿದ್ದ. ಫೆಬ್ರವರಿಯ ಒಂದು ಮಂಗಳವಾರ ಆ ಕಿರುಚಾಟವಿಲ್ಲ. "ದೈಜೋಬು" ಎಂದ, ಅಷ್ಟೇ.

ತೊಮಿಯೆ ಪೆನ್ನು ಕೆಳಗಿಟ್ಟಳು. "ನಾರುಮಿಯವರೇ, ಏನಾಯ್ತು?"

"ಕುದಿಯೋ ನೀರು ಕಾಲ್ಮೇಲೆ ಬಿತ್ತು. ನಾಲ್ಕು ದಿನ ಆಯ್ತು."

"ಅಯ್ಯೋ, ಈಗ್ತಾನೆ ಏನೂ ಇಲ್ಲ ಅಂದ್ರಲ್ಲ!"

"ನೀವು ಹಾಗೆ ಕೇಳಿದ್ರೆ ಇನ್ನೇನ್ ಹೇಳ್ಲಿ? ಬೇರೆ ಮಾತು ಬಾಯಿಗೆ ಬರಲ್ಲ ಕಣಮ್ಮ."

ನರ್ಸನ್ನು ಕಳಿಸಿದಳು. ಮೂರು ವಾರದಲ್ಲಿ ಕಾಲಿನ ಗಾಯ ಮಾಯಿತು.

ಆ ಹುರುಪಿನಲ್ಲಿ ತೊಮಿಯೆ ಎಲ್ಲರನ್ನೂ "ಏನಾಯ್ತು?" ಎಂದೇ ಕೇಳತೊಡಗಿದಳು. ಕಸಾಯ್ ಫುಮಿ ಎಂಬ ಮುದುಕಿ ಸಿಡಿದಳು: "ಏನಾಗ್ಬೇಕಿತ್ತು ನಂಗೆ? ಯಾವಾಗ ಏನಾಗುತ್ತೋ ಅಂತ ಕಾಯ್ತಾ ಕೂತಿದೀರಾ?" ತೊಮಿಯೆ ಮತ್ತೆ ಚೀಟಿಗೆ ಮರಳಿದಳು. ಆ ಇನ್ನೊಂದು ಮಾತನ್ನು ದನಿ ಕುಗ್ಗಿದವರಿಗೆಂದೇ ಎತ್ತಿಟ್ಟಳು.

ಮಾರ್ಚಿನಲ್ಲಿ ಅವಳೇ ಜ್ವರದಿಂದ ಒಂದು ವಾರ ಮಲಗಿದಳು. ಕಚೇರಿಯಿಂದ ಒಂದು ಸಂದೇಶ ಬಂತು: "ಆರೋಗ್ಯ ನೋಡ್ಕೊಳ್ಳಿ." ಒಳ್ಳೆಯ ಮಾತೇ. ಔಷಧಿ ಅಂಗಡಿಯವರು ಪೊಟ್ಟಣ ಕೈಗಿಡುತ್ತ ಹೇಳುವ ಮಾತು. ಅದಕ್ಕೆ ಥ್ಯಾಂಕ್ಸ್ ಹೇಳಬಹುದು, ಮುಂದೆ ಮಾತು ಬೆಳೆಸಲಾಗದು. ಥ್ಯಾಂಕ್ಸ್ ಬರೆದು, ಎದ್ದು ಗಂಜಿಗೆ ಇಟ್ಟಳು.

ಮರುವಾರ ನಾರುಮಿ ಫೋನೆತ್ತಿದವನೇ ಕೂಗಿದ: "ಹೋದ್ವಾರ ಬೇರೆ ಯಾರೋ ಮಾಡಿದ್ರು. ಏನಾಯ್ತಮ್ಮ ನಿಮಗೆ?"

"ಜ್ವರ ಬಂದಿತ್ತು. ಒಂದು ಲೋಟ ನೀರು ಕೊಡೋರೂ ಇರ್ಲಿಲ್ಲ," ಎಂದಳು ಮೆಲ್ಲಗೆ.

"ಆಂ? ಕೇಳಿಸ್ಲಿಲ್ಲ!"

"ಜ್ವರ!" ಎಂದು ಕೂಗಿದಳು. ಉಳಿದದ್ದನ್ನು ಕೂಗಿ ಹೇಳಲಾಗಲಿಲ್ಲ.

"ಓ, ಜ್ವರಾನಾ! ಮೈಮೇಲೆ ಎಳ್ಕೊಂಡು ದುಡೀಬೇಡಿ ಮತ್ತೆ."

ಮೇ ತಿಂಗಳಲ್ಲಿ ನಾರುಮಿಯ ಮಗಳು ಬಂದು ಅವನನ್ನು ಸೆಂದಾಯಿ ನಗರದ ತನ್ನ ಮನೆಗೆ ಕರೆದೊಯ್ದಳು. ಅಲ್ಲಿಯ ನಂಬರನ್ನು ತೊಮಿಯೆ ಕೇಳಲೂ ಇಲ್ಲ, ಅವನು ಕೊಡಲೂ ಇಲ್ಲ.