ಮಂದೆಯ ಹಿಂದೆ ನಡೆದ ನಾಯಿ

ಭಾನುವಾರ ಸಾಮಾನಿನ ಪೆಟ್ಟಿಗೆ ಒರೆಸಿಡುವುದು ನನ್ನ ಪದ್ಧತಿ. ಹೋದ ವಾರ ಅದರ ತಳದಲ್ಲಿ, ನಾಯಿಯ ಎದೆಗೆ ಕಟ್ಟಲು ಹೊಲಿದಿದ್ದ ಕಂಬಳಿಪಟ್ಟಿ ಸಿಕ್ಕಿತು. ಕುರಿಯುಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ...

ಅಮರಾಪುರದಲ್ಲಿ ನಮ್ಮ ಮನೆಯ ಹಿಂದುಗಡೆ ಇದ್ದ ಕುರಿಗಾರರು ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಗಾಲಿಕುರ್ಚಿ ಬಂದ ದಿನದಿಂದ ಅವರ ನಾಯಿ ಮಂದೆ ಬಿಟ್ಟು ಅವರ ಬಳಿಯೇ ಉಳಿಯಿತು. ಕೆಳಗೆ ಬಿದ್ದ ಕೋಲು, ಟವೆಲು ಕಚ್ಚಿ ತಂದುಕೊಡುತ್ತಿತ್ತು. ಯಾರೂ ಕಲಿಸಿದ್ದಲ್ಲ.

ಮನೆಯಿಂದ ಕುರಿರೊಪ್ಪಕ್ಕೆ ಒಂದು ಏರು. ಬರೀ ತೋಳಿನ ಬಲದಿಂದ ಹತ್ತಲು ಆಗುತ್ತಿರಲಿಲ್ಲ. ಸೊಸೆ ತಳ್ಳುತ್ತೇನೆಂದರೆ, "ಕುರಿ ಮುಂದೆ ತಳ್ಳಿಸ್ಕೊಂಡು ಹೋಗ್ಲೇನಮ್ಮ?" ಎನ್ನುತ್ತಿದ್ದರು. ಇನ್ನು ಮೂರು ವಾರಕ್ಕೆ ಮಕ್ಕಳು ಮಂದೆಯನ್ನು ದೂರದ ಹುಲ್ಲಿಗೆ ಹೊಡೆದುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ತಾವೇ ಹೋಗಿ ಒಂದೊಂದು ಕುರಿಯನ್ನೂ ಮುಟ್ಟಿ ನೋಡಬೇಕೆಂಬುದು ಅವರ ಆಸೆ.

ನಾನು ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದವನು. ಅಳತೆ ತೆಗೆದೆ, ನಕ್ಷೆ ಬರೆದೆ. ನಾಯಿ ಮುಂದಿನಿಂದ ಎಳೆಯಲು ಎದೆಪಟ್ಟಿ, ಎರಡು ಹಗ್ಗ, ಕುರ್ಚಿಗೆ ಕೊಂಡಿ.

ಅವರು ನೋಡಿ ನಕ್ಕರು. "ಎತ್ತು ಅಂದ್ಕೊಂಡ್ರಾ ಮೇಷ್ಟ್ರೇ? ಮಂದೆ ಹಿಂದೆ ನಡೆದಿರೋ ನಾಯಿ ಇದು. ಮುಂದೆ ಹೋಗಲ್ಲ."

"ಅಭ್ಯಾಸ ಮಾಡಿಸಿದ್ರೆ ಹೋಗುತ್ತೆ."

"ನಿಮ್ಮ ಹುಡುಗ್ರೆಲ್ಲ ಹಂಗೇ ಕಲಿತ್ರಾ?"

ದಿನಾ ಬೆಳಗ್ಗೆ ಆರಕ್ಕೆ ಸರಿಯಾಗಿ ಅಭ್ಯಾಸ. ಪಟ್ಟಿ ಕಟ್ಟಿದರೆ ನಾಯಿ ಸುತ್ತಿಕೊಂಡು ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿತ್ತು. ಹಗ್ಗ ಗಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿ ಮತ್ತೆ ಮುಂದೆ ನಿಲ್ಲಿಸುತ್ತಿದ್ದೆ. ಎರಡನೆಯ ವಾರದಿಂದ ಅವರು ನಗುವುದನ್ನು ಬಿಟ್ಟರು...

ಮಂದೆ ಹೊರಟ ಬೆಳಗ್ಗೆಯೂ ಹಗ್ಗ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಏರಿನಾಚೆ ಕುರಿಗಳ ಸದ್ದು ಅಡಗಿತ್ತು.

ಅಂದು ಮಧ್ಯಾಹ್ನ ಕುರ್ಚಿಯ ಹಿಂದೆ, ನಾಯಿಯ ಎದೆಯೆತ್ತರಕ್ಕೆ, ಒಂದು ಪೈಪು ವೆಲ್ಡ್ ಮಾಡಿ ಕಂಬಳಿ ಸುತ್ತಿದೆ. ಎರಡು ಗಂಟೆಯ ಕೆಲಸ. ಮರುದಿನ ಅವರು ಗಾಲಿಗೆ ಕೈಹಾಕಿದರು. ನಾಯಿ ಎದೆಯೊತ್ತಿ ತಳ್ಳಿತು. ಏರು ಹತ್ತಿದರು. ಖಾಲಿ ರೊಪ್ಪದ ಮುಂದೆ ಕುರ್ಚಿ ನಿಲ್ಲಿಸಿದರು.

"ಚೆನ್ನಾಗೈತೆ ಮೇಷ್ಟ್ರೇ," ಎಂದರು.

ಮಂದೆ ತಿರುಗಿ ಬರುವ ಮೊದಲೇ ಅವರು ತೀರಿಕೊಂಡರು. ನಾಯಿ ಮತ್ತೆ ಕುರಿಗಳ ಹಿಂದೆ ಹೋಯಿತು.

ನನ್ನ ಹಟದಿಂದ ಹಾಳಾದ ಮೂರು ವಾರ ನನ್ನವಲ್ಲ, ಅವರವು. ಅದನ್ನು ಅವರ ಎದುರು ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಿಲ್ಲ. ಈಗಲೂ ಐದಕ್ಕೇ ಎದ್ದು, ಆರಕ್ಕೆ ಅದೇ ದಾರಿಯಲ್ಲಿ ನಡೆಯುತ್ತೇನೆ. ಅಂಗಳ ಗುಡಿಸುತ್ತಿರುವ ಅವರ ಸೊಸೆ, "ಕಾಫಿ ಆಯ್ತಾ ಮೇಷ್ಟ್ರೇ?" ಎಂದು ಕೇಳುತ್ತಾಳೆ.

"ಆಯ್ತಮ್ಮ," ಎಂದು ಮುಂದೆ ಹೋಗುತ್ತೇನೆ.