ವುಝೂ ನೀರಿನಲ್ಲಿ ಮರಳಿದ ದನಿ

ಕಳೆದ ರಮಝಾನ್ ಮುಗಿದ ಎರಡನೇ ವಾರ, ಕ್ರ್ಯಾನ್‌ಬರಿಯ ಗೋದಾಮಿನ ಕೆಲಸ ಮುಗಿಸಿ ಬರುತ್ತಿದ್ದ ನನ್ನ ಗಂಡ ಯೂಸುಫರ ಕಾರಿಗೆ ಟ್ರಕ್ಕೊಂದು ಪಕ್ಕದಿಂದ ಗುದ್ದಿತು. ಬಾಗಿಲು ಕತ್ತರಿಸಿ ಅವರನ್ನು ಹೊರಗೆಳೆದರು. ದವಡೆ ಮುರಿದಿತ್ತು, ನಾಲಿಗೆಯ ಬುಡದ ನರ ಜಜ್ಜಿಹೋಗಿತ್ತು. ಜೀವ ಉಳಿಯಿತು, ಮಾತು ಹೋಯಿತು.

ಎರಡು ತಿಂಗಳಲ್ಲಿ ಇಂಗ್ಲಿಷ್ ಮರಳಿತು. ನಾನು ಮೈಸೂರಿನವಳು, ಅವರು ಜೋರ್ಡಾನಿನವರು. ಈ ಪರದೇಶದಲ್ಲಿ ನಮ್ಮ ಸಂಸಾರ ನಡೆಯುವುದೇ ಇಂಗ್ಲಿಷಿನಲ್ಲಿ. ಸ್ಪೀಚ್ ಥೆರಪಿಸ್ಟ್ ಕೂಡ ಇಂಗ್ಲಿಷ್ ಪದಗಳನ್ನೇ ಹೇಳಿಸಿ, "ಆಲ್‌ಮೋಸ್ಟ್ ನಾರ್ಮಲ್" ಎಂದರು. ನಾನು ಸಿಹಿ ಹಂಚಿದೆ. ಆದರೆ ಗಂಟಲಿನ ಆಳದಲ್ಲಿ ಹುಟ್ಟುವ ಅರಬಿ ಅಕ್ಷರಗಳು ಅವರಿಗೆ ಒಂದೂ ಬರುತ್ತಿರಲಿಲ್ಲ. ಅಮ್ಮಾನ್‌ನಲ್ಲಿರುವ ಅತ್ತೆ ಫೋನಿನಲ್ಲಿ, "ಯಾರಪ್ಪ ನೀನು? ನನ್ನ ಮಗನಿಗೆ ಕೊಡು" ಎಂದು ಅತ್ತರು. ಅಂದಿನಿಂದ ಇವರು ತಾಯಿಗೆ ಫೋನ್ ಮಾಡಲಿಲ್ಲ. ನಮಾಝಿನಲ್ಲಿ ಓದುವುದೂ ಅರಬಿಯೇ; ಅಕ್ಷರ ಕೆಟ್ಟರೆ ಓದಿದ್ದೂ ಕೆಟ್ಟಂತೆ ಎಂದು ಅದನ್ನೂ ನಿಲ್ಲಿಸಿದರು.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಕುರ್ಚಿ ಮುರಿದರು, ಗೋಡೆಗೆ ಗುದ್ದಿ ತೂತು ಮಾಡಿದರು. ಒಂದು ದಿನ ಎಸೆದ ತಟ್ಟೆ ನನ್ನ ಹಣೆಗೆ ತಾಗಿ ಮೂರು ಹೊಲಿಗೆ ಬಿತ್ತು. ನಾನೂ ಸಾಧು ಹಸುವೇನಲ್ಲ. ಕುಕ್ಕರ್ ಮುಚ್ಚಳ ತೆಗೆದು ಅವರ ಭುಜಕ್ಕೆ ಬೀಸಿದೆ. ಸಹೋದರಿಯರೇ, ಹೊಡೆತ ಸಹಿಸಿಕೊಂಡಿರಿ ಎಂದು ನಾನಿಲ್ಲಿ ಬರೆಯುತ್ತಿಲ್ಲ. ಬಟ್ಟೆಬರೆ ಕಟ್ಟಿಕೊಂಡೆ. "ಯಾ ಅಲ್ಲಾಹ್, ಅವರ ದನಿ ಕೊಡು, ಇಲ್ಲವೇ ನನ್ನನ್ನು ಈ ಮನೆಯಿಂದ ಬಿಡಿಸು" ಎಂದು ಬೇಡಿದೆ.

ನನ್ನನ್ನು ಕರೆದೊಯ್ಯಲು ನನ್ನ ತಂದೆ, ಅಬ್ಬಾ, ಹತ್ತಿರದ ಪ್ಲೇನ್ಸ್‌ಬರೋದಿಂದ ಬರುವ ಹೊತ್ತಿಗೆ ಯೂಸುಫ್ ಬಾತ್‌ರೂಮಿನ ಕನ್ನಡಿಗೆ ಗುದ್ದಿ ಪುಡಿ ಮಾಡಿದ್ದರು. ಸಿಂಕ್ ತುಂಬ ರಕ್ತ. ಅಬ್ಬಾ ಅವರ ಕೈಗೆ ಬಟ್ಟೆ ಸುತ್ತಿ, ರಕ್ತ ನಿಂತ ಮೇಲೆ ನನ್ನ ಕಡೆ ತಿರುಗಿದರು.

"ನಮಾಝ್ ಬೇಡ ಅಂತ ಹೇಳಮ್ಮ. ಬರೀ ವುಝೂ ಮಾಡ್ಲಿ. ಬೆಂಕಿಗೆ ನೀರಲ್ದೆ ಇನ್ನೇನು ಹಾಕ್ತಾರೆ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎಷ್ಟೋ ದಿನಗಳ ನಂತರ ಅವರು ವುಝೂಗೆಂದು ನಲ್ಲಿ ತಿರುಗಿಸಿದರು. ನಮಾಝಿಗೆ ಮುನ್ನ ಹಾಗೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವಾಗ ಮೂರು ಸಲ ಬಾಯಿ ಮುಕ್ಕಳಿಸುವುದು ರೂಢಿ. ಮೊದಲ ಸಲ ಸುಮ್ಮನೆ ಉಗುಳಿದರು. ಎರಡನೆಯ ಸಲ ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ನೀರು ಗೊಳಗೊಳಿಸಿದರು. ಮೂರನೆಯ ಸಲ ನೀರು ಉಗುಳಿದ ಮೇಲೂ ಆ ಸದ್ದು ನಿಲ್ಲಲಿಲ್ಲ. ಅರಬಿಯ ಆ ಆಳದ ಅಕ್ಷರಕ್ಕೆ ಗಂಟಲು ದಾರಿ ಕಂಡುಕೊಂಡಿತ್ತು. ಗಾಬರಿಯಿಂದ ನನ್ನನ್ನು ನೋಡಿದರು, ಮತ್ತೆ ಮಾಡಿ ನೋಡಿದರು, ಗಾಜಿನ ಚೂರುಗಳ ನಡುವೆ ಕುಸಿದು ಅತ್ತರು.

ಇದನ್ನು ಕೇಳಿದ ಥೆರಪಿಸ್ಟ್, "ನಾನು ಅರಬಿ ಬಗ್ಗೆ ಕೇಳಬೇಕಿತ್ತು" ಎಂದು ತಪ್ಪೊಪ್ಪಿಕೊಂಡು, ನೀರಿನಿಂದಲೇ ಅಭ್ಯಾಸ ಶುರು ಮಾಡಿಸಿದರು. ಮದ್ದನ್ನು ಅಲ್ಲಾಹ್ ನಮ್ಮ ನಲ್ಲಿಯಲ್ಲೇ ಇಟ್ಟಿದ್ದ. ದನಿ ಬಂದ ಮೇಲೆ ನಮಾಝ್ ಎಂದು ನಾವು ಕಾಯುತ್ತ ಕೂತಿದ್ದೆವು.

ನಾನು ಆ ದಿನ ಅಬ್ಬಾ ಜೊತೆ ಹೋದವಳು, ಯೂಸುಫ್ ಕೋಪಕ್ಕೆ ಕೌನ್ಸೆಲಿಂಗ್ ಮುಗಿಸಿದ ಮೇಲೆಯೇ ಮರಳಿದೆ. ಇವರು ಅತ್ತೆಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅತ್ತೆ, "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬೈದರಂತೆ. ಬೈಗುಳ ಕೇಳಿಸಿಕೊಳ್ಳುತ್ತ ಇವರು ನಗುತ್ತಿದ್ದರು. ಅಲ್‌ಹಮ್ದುಲಿಲ್ಲಾಹ್.

ಒಂದೆರಡು ಅಕ್ಷರ ಇನ್ನೂ ಪೂರ್ತಿ ಬಂದಿಲ್ಲ. ಕನ್ನಡಿಯನ್ನೂ ನಾವು ಹೊಸದಾಗಿ ಹಾಕಿಸಿಲ್ಲ. ದಿನಕ್ಕೆ ಐದು ಸಲ ಅವರು ಆ ಬೋಳು ಗೋಡೆಯ ಮುಂದೆ ಗಂಟಲು ಗೊಳಗೊಳಿಸುತ್ತಾರೆ. ಕೆಳಮನೆಯವರಿಗೂ ಕೇಳಿಸುತ್ತಿರಬೇಕು. ನಾನು ಅಡುಗೆಮನೆಯಿಂದಲೇ ಆಮೀನ್ ಎನ್ನುತ್ತೇನೆ.